ಹಲ್ಲು ಕೀಳಿಸುವ ಮುನ್ನ, ಕೀಳಿಸಿದ ಮೇಲೆ

ಹಲ್ಲನ್ನು ಕುರಿತು ನಮ್ಮ ಭಾಷೆ ಬಹಳಷ್ಟು ಮಾತಾಡಿದೆ. ಕಷ್ಟ ಬಂದಾಗ ಹಲ್ಲು ಕಚ್ಚಿ ಸಹಿಸುತ್ತೇವೆ. ಹಗೆಯನ್ನು ಕಂಡರೆ ಹಲ್ಲು ಮಸೆಯುತ್ತೇವೆ. ಕೆಲಸವಾಗಬೇಕಾದಲ್ಲಿ ಹಲ್ಲು ಗಿಂಜುತ್ತೇವೆ. ಅಧಿಕಾರ ಹೋದವನನ್ನು ಹಲ್ಲು ಕಿತ್ತ ಹಾವೆಂದು ಕರೆದು ಸಮಾಧಾನಪಡುತ್ತೇವೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯಂತೂ ಅರ್ಥಶಾಸ್ತ್ರದ ಒಂದು ಅಧ್ಯಾಯಕ್ಕೆ ಸಮ. ಸಂಸ್ಕೃತದವರು ಹಲ್ಲಿಗೆ ದ್ವಿಜ ಎಂಬ ಹೆಸರನ್ನೂ ಕೊಟ್ಟರು. ಹಕ್ಕಿ ಮೊಟ್ಟೆಯಾಗಿ ಒಮ್ಮೆ, ಮರಿಯಾಗಿ ಒಮ್ಮೆ ಹುಟ್ಟುವಂತೆ ಹಲ್ಲು ಕೂಡ ಹಾಲುಹಲ್ಲಾಗಿ ಒಮ್ಮೆ, ಗಟ್ಟಿಹಲ್ಲಾಗಿ ಇನ್ನೊಮ್ಮೆ ಹುಟ್ಟುತ್ತದೆ. ಹಿಂದಿನ ದೊಡ್ಡ ದವಡೆಹಲ್ಲುಗಳು ಒಂದೇ ಸಲ ಹುಟ್ಟುವಂಥವು ಎಂಬುದನ್ನು ಹೆಸರಿಟ್ಟವರು ಗಮನಿಸಿದಂತೆ ಕಾಣುವುದಿಲ್ಲ. ಅದು ಹೇಗೇ ಇರಲಿ, ಮೂರನೆಯ ಜನ್ಮವಂತೂ ಯಾವ ಹಲ್ಲಿಗೂ ಇಲ್ಲ.

ಇಷ್ಟೆಲ್ಲ ಭಾಷಾಸಂಪತ್ತು ಇದ್ದರೂ ಹಲ್ಲನ್ನು ಕೀಳಿಸಿಕೊಳ್ಳಬೇಕಾದ ದಿನ ಬಂದಾಗ ಅದರಲ್ಲಿ ಒಂದು ಮಾತೂ ನೆರವಿಗೆ ಬರುವುದಿಲ್ಲ. ಆ ಕುರ್ಚಿಯಲ್ಲಿ ಏನಾಗುತ್ತದೆ, ಮನೆಗೆ ಬಂದ ಮೇಲೆ ಏನಾಗುತ್ತದೆ ಎಂಬುದನ್ನು ನಮಗೆ ನೆಟ್ಟಗೆ ಹೇಳಿದವರು ಕಡಮೆ. ಹೇಳಿದವರೆಲ್ಲ ಹೆದರಿಸಿದವರೇ. ನಾನು ವೈದ್ಯನಲ್ಲ, ಕನ್ನಡ ಕಲಿಸಿ ನಿವೃತ್ತನಾದವನು. ಕೆಳದವಡೆಯಿಂದ ಎರಡು, ಮೇಲ್ದವಡೆಯಿಂದ ಒಂದು, ಹೀಗೆ ಮೂರು ಹಲ್ಲುಗಳನ್ನು ಬೇರೆ ಬೇರೆ ಕಾಲದಲ್ಲಿ ಒಪ್ಪಿಸಿ ಬಂದಿದ್ದೇನೆ. ಅಧ್ಯಾಪಕನಿಗೆ ಸಹಜವಾದ ಪ್ರಶ್ನೆ ಕೇಳುವ ಚಾಳಿಯಿಂದ ಒಂದಿಷ್ಟು ತಿಳಿದುಕೊಂಡೂ ಇದ್ದೇನೆ. ಅದರಿಂದ ನನಗೆ ಖಚಿತವಾದ ಸಂಗತಿ ಒಂದು: ನಮ್ಮ ಭಯವನ್ನು ನಾವು ತಪ್ಪು ಜಾಗದಲ್ಲಿ ಇಟ್ಟಿದ್ದೇವೆ. ಕುರ್ಚಿಯಲ್ಲಿ ಕಳೆಯುವ ಅರ್ಧ ಗಂಟೆಗೆ ನಡುಗುತ್ತೇವೆ. ಆಮೇಲಿನ ಒಂದು ಹಗಲು ಒಂದು ರಾತ್ರಿಯನ್ನು ಉಡಾಫೆಯಿಂದ ಕಳೆಯುತ್ತೇವೆ. ನಿಜವಾಗಿ ಎಚ್ಚರ ಬೇಕಾದದ್ದು ಆ ಹಗಲಿನಲ್ಲಿ, ಆ ರಾತ್ರಿಯಲ್ಲಿ.

ಮೊದಲು ಭಯದ ಮಾತು. ಮೇಲಿನ ಹಲ್ಲನ್ನು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳ್ಳಿಯಲ್ಲಿಯೂ ಇದೆ, ಪಟ್ಟಣದಲ್ಲಿಯೂ ಇದೆ, ಓದಿದವರಲ್ಲಿಯೂ ಇದೆ. ಇದನ್ನು ಬರಿಯ ಅಜ್ಞಾನವೆಂದು ತಳ್ಳಿಬಿಡುವಂತಿಲ್ಲ, ಏಕೆಂದರೆ ಇದರ ಬೇರು ಬಹಳ ಹಳೆಯದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬಾಯಿಯ ರೋಗಗಳಿಗೆ ಮೀಸಲಾದ ಅಧ್ಯಾಯವೊಂದಿದೆ. ಮೇಲಿನ ಹಲ್ಲು ಅಲ್ಲಾಡುತ್ತಿದ್ದರೂ ವೈದ್ಯನು ಅದನ್ನು ಕೀಳಬಾರದೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಕಿತ್ತರೆ ರಕ್ತ ಅತಿಯಾಗಿ ಹರಿದು, ಅದರಿಂದ ಕಣ್ಣು ಕುರುಡಾಗಬಹುದು, ಮುಖ ಸೊಟ್ಟಗಾಗುವ ಅರ್ದಿತವೆಂಬ ವಾತರೋಗ ಬರಬಹುದು ಎಂಬುದು ಕಾರಣ. ಗಮನಿಸಿ, ಸುಶ್ರುತನು ಹೆದರಿದ್ದು ಹಲ್ಲಿಗಲ್ಲ, ನಿಲ್ಲದ ರಕ್ತಕ್ಕೆ. ರಕ್ತವನ್ನು ತಡೆಯುವ ಇಂದಿನ ಉಪಾಯಗಳಿಲ್ಲದ ಕಾಲದಲ್ಲಿ ಆ ಹೆದರಿಕೆ ಅವಿವೇಕವೇನೂ ಅಲ್ಲ. ನಾವು ಕಾರಣವನ್ನು ಮರೆತು ನಿಷೇಧವನ್ನು ಮಾತ್ರ ಉಳಿಸಿಕೊಂಡೆವು. ಹಳೆಯ ಗ್ರಂಥಗಳ ವಿಷಯದಲ್ಲಿ ನಾವು ಹೀಗೆ ನಡೆದುಕೊಂಡಿರುವುದು ಇದೊಂದೇ ಸಲವಲ್ಲ.

ಇಂದು ಶರೀರಶಾಸ್ತ್ರ ಹೇಳುವುದು ಇಷ್ಟು: ಹಲ್ಲುಗಳಿಗೆ ಹೋಗುವ ನರ ಮಿದುಳಿನಿಂದ ಹೊರಡುವ ಐದನೆಯ ಕಪಾಲನರದ ಕವಲು. ನೋಟವನ್ನು ಒಯ್ಯುವುದು ಎರಡನೆಯ ಕಪಾಲನರ. ಇವೆರಡರ ದಾರಿ ಬೇರೆ, ಕಸುಬು ಬೇರೆ. ಹಲ್ಲು ತೆಗೆದದ್ದರಿಂದ ನೋಟ ಕುಂದುವುದಿಲ್ಲ. ಕಣ್ಣಿಗೆ ಅಪಾಯವಿರುವುದಾದರೆ ಅದು ತದ್ವಿರುದ್ಧವಾದ ದಿಕ್ಕಿನಿಂದ: ಕೀವು ತುಂಬಿದ ಮೇಲ್ದವಡೆಯ ಹಲ್ಲನ್ನು ಕೀಳಿಸದೆ ಹಾಗೆಯೇ ಇಟ್ಟುಕೊಂಡರೆ, ಅಪರೂಪಕ್ಕಾದರೂ ಆ ಸೋಂಕು ಮೇಲೇರಿ ಕಣ್ಣಿನ ಗುಳಿಯನ್ನು ಮುಟ್ಟುವುದುಂಟು.

ನನ್ನೊಡನೆ ಪಾಠ ಹೇಳುತ್ತಿದ್ದ ಇತಿಹಾಸದ ಅಧ್ಯಾಪಕರೊಬ್ಬರಿದ್ದರು. ಗಟ್ಟಿ ಮನುಷ್ಯ, ಈಜುತ್ತಿದ್ದರು, ಬೆಟ್ಟ ಹತ್ತುತ್ತಿದ್ದರು. ಅವರ ಕೆಳದವಡೆಯ ಹಿಂದಿನ ಹಲ್ಲೊಂದು ಹುಳುಕಾಗಿ ಎರಡು ವರ್ಷ ನೋಯಿತು. ಲವಂಗದೆಣ್ಣೆ ಇಟ್ಟರು, ನಶ್ಯ ಒತ್ತಿದರು, ಅಂಗಡಿಯ ಗುಳಿಗೆ ನುಂಗಿದರು, ದಂತವೈದ್ಯರಲ್ಲಿಗೆ ಮಾತ್ರ ಹೋಗಲಿಲ್ಲ. ಒಂದು ಸೋಮವಾರ ತರಗತಿಗೆ ಬಂದಾಗ ಗದ್ದದ ಕೆಳಗೆಲ್ಲ ಹಲಗೆಯಂತೆ ಬಿಗಿದು ಊದಿತ್ತು. ಸಂಜೆಯ ಹೊತ್ತಿಗೆ ನಾಲಗೆ ಮೇಲೆದ್ದು ಉಗುಳು ನುಂಗುವುದೂ ಆಗಲಿಲ್ಲ. ರಾತ್ರಿ ಉಸಿರಿಗಾಗಿ ಕುತ್ತಿಗೆಯಲ್ಲಿ ರಂಧ್ರ ಮಾಡಬೇಕಾಯಿತು. ಬದುಕಿದರು, ಆದರೆ ಮೂರು ವಾರ ಆಸ್ಪತ್ರೆಯಲ್ಲಿದ್ದರು. ಜರ್ಮನಿಯ ವೈದ್ಯ ಲುಡ್ವಿಗ್ ಎಂಬಾತ 1836ರಲ್ಲಿ ಈ ರೋಗವನ್ನು ವಿವರಿಸಿದ್ದರಿಂದ ಅದಕ್ಕೆ ಇಂದಿಗೂ ಅವನ ಹೆಸರೇ ಇದೆ. ಪ್ರತಿಜೀವಕ ಔಷಧಗಳಿಲ್ಲದ ಕಾಲದಲ್ಲಿ ಇದು ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಉಳಿಯುತ್ತಿರಲಿಲ್ಲ. ಇದರ ಮೂಲ ಬಹುಪಾಲು ಕೆಳದವಡೆಯ ಹಿಂದಿನ ಹಲ್ಲು. ಇಕ್ಕಳದ ಭಯವೊಂದು ಮನುಷ್ಯನನ್ನು ಎಲ್ಲಿಯವರೆಗೆ ಕೊಂಡೊಯ್ಯಬಹುದೆಂಬುದನ್ನು ನಾನು ಅಂದು ಕಣ್ಣಾರೆ ಕಂಡೆ.

ನೋಯುವ ಹಲ್ಲನ್ನೆಲ್ಲ ಕೀಳಿಸಬೇಕೆಂದು ನಾನು ಹೇಳುತ್ತಿಲ್ಲ. ಬೇರಿನ ಒಳಗಿನ ಕೊಳೆತ ತಿರುಳನ್ನು ತೆಗೆದು ತುಂಬಿ, ಹಲ್ಲನ್ನು ಉಳಿಸುವ ಚಿಕಿತ್ಸೆ ಇಂದು ಸಣ್ಣ ಪಟ್ಟಣಗಳಲ್ಲಿಯೂ ದೊರೆಯುತ್ತದೆ. ಉಳಿಸಬಹುದಾದದ್ದನ್ನು ಉಳಿಸುವುದೇ ಸರಿ. ಉಳಿಯದೆಂದು ಗೊತ್ತಾದ ಮೇಲೆ ಮೀನಮೇಷ ಎಣಿಸಬಾರದು, ಅಷ್ಟೆ.

ಇನ್ನು ನೋವಿನ ಭಯ. ಇದಕ್ಕೆ ಉತ್ತರವಾಗಿ ಒಂದು ಚರಿತ್ರೆಯನ್ನೇ ಹೇಳಬೇಕಾಗುತ್ತದೆ, ಏಕೆಂದರೆ ಮನುಷ್ಯಕುಲಕ್ಕೆ ಅರಿವಳಿಕೆಯೆಂಬ ವರ ದೊರೆತದ್ದೇ ಹಲ್ಲು ಕೀಳುವವರ ಮೂಲಕ. 1844ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದ ದಂತವೈದ್ಯ ಹೊರೇಸ್ ವೆಲ್ಸ್ ಒಂದು ವಿನೋದಪ್ರದರ್ಶನಕ್ಕೆ ಹೋಗಿದ್ದ. ನಗೆಯನಿಲವೆಂದು ಹೆಸರಾದ ನೈಟ್ರಸ್ ಆಕ್ಸೈಡನ್ನು ಸೇವಿಸಿ ಕುಣಿದ ಒಬ್ಬಾತ ಕಾಲನ್ನು ಜಜ್ಜಿಕೊಂಡರೂ ಅವನಿಗೆ ಅದು ತಿಳಿಯಲೇ ಇಲ್ಲ. ವೆಲ್ಸ್ ಮರುದಿನವೇ ಅದೇ ಅನಿಲವನ್ನು ತಾನು ಸೇವಿಸಿ, ಸಹೋದ್ಯೋಗಿಯ ಕೈಯಿಂದ ತನ್ನ ಹಲ್ಲೊಂದನ್ನು ಕೀಳಿಸಿಕೊಂಡ, ನೋಯಲಿಲ್ಲ. ಮುಂದಿನ ತಿಂಗಳು ಬಾಸ್ಟನ್ನಿನಲ್ಲಿ ಪಂಡಿತರ ಮುಂದೆ ತೋರಿಸಹೋದಾಗ ರೋಗಿ ಕೂಗಿಕೊಂಡ, ಸಭೆ ವೆಲ್ಸನನ್ನು ಗೇಲಿಮಾಡಿತು. ಅವನ ಬಳಿ ಪಳಗಿದ್ದ ವಿಲಿಯಂ ಮಾರ್ಟನ್ 1846ರ ಸೆಪ್ಟೆಂಬರ್ 30ರಂದು ಈಥರ್ ಕೊಟ್ಟು ಒಬ್ಬನ ಹಲ್ಲು ಕಿತ್ತ. ಎರಡೇ ವಾರಗಳಲ್ಲಿ, ಅಕ್ಟೋಬರ್ 16ರಂದು, ಅದೇ ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೂ ಈಥರ್ ಕೊಟ್ಟು ಜಗತ್ಪ್ರಸಿದ್ಧನಾದ. ವೆಲ್ಸ್ ಮಾತ್ರ 1848ರಲ್ಲಿ, 33ನೆಯ ವಯಸ್ಸಿನಲ್ಲಿ, ಕೀರ್ತಿಯನ್ನು ಕಾಣದೆ ದುರಂತಕ್ಕೀಡಾದ. ಹಲ್ಲಿನ ಕುರ್ಚಿಯಲ್ಲಿ ಕುಳಿತಾಗಲೆಲ್ಲ ನನಗೆ ಅವನ ನೆನಪಾಗುತ್ತದೆ.

ಅಲ್ಲಿಂದ ಮುಂದಿನ ಹೆಜ್ಜೆ ಇನ್ನೂ ದೊಡ್ಡದು: ಇಡೀ ಮನುಷ್ಯನನ್ನು ಮಲಗಿಸದೆ ನೋಯುವ ಜಾಗವನ್ನಷ್ಟೇ ಮರಗಟ್ಟಿಸುವುದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಿ ತೋರಿಸಿದ. ಹೆಚ್ಚು ಕಾಲ ಕಳೆಯುವ ಮೊದಲೇ ನ್ಯೂಯಾರ್ಕಿನ ಹಾಲ್‌ಸ್ಟೆಡ್ ಅದನ್ನು ದವಡೆಯ ನರಕ್ಕೆ ಚುಚ್ಚಿ ನೋಡಿದ. ಕೊಕೇನಿನ ಚಟ ಅಂಟುವ ಕೇಡನ್ನು ನಿವಾರಿಸಲು ಮುಂದೆ ಬೇರೆ ಮದ್ದುಗಳು ಬಂದವು. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಸಿದ್ಧಪಡಿಸಿದ ಲಿಗ್ನೊಕೇನ್ ಅವುಗಳಲ್ಲಿ ಒಂದು. ನಮ್ಮ ದಂತವೈದ್ಯರ ಸೂಜಿಯಲ್ಲಿ ಇಂದಿಗೂ ಸಾಮಾನ್ಯವಾಗಿ ಇರುವುದು ಅದೇ.

ಈಗ ಕುರ್ಚಿಯ ಬಳಿಗೆ ಬರೋಣ. ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂಬುದು ಪೂರ್ತಿ ಮೈಮರೆಸುವ ಚಿಕಿತ್ಸೆಗೆ ಸಲ್ಲುವ ಮಾತು. ದವಡೆಗೆ ಮಾತ್ರ ಮದ್ದು ಚುಚ್ಚುವುದಾದರೆ ತಿಂಡಿ ತಿಂದು, ನಿತ್ಯದ ಔಷಧಗಳನ್ನು ತೆಗೆದುಕೊಂಡು ಹೋಗುವುದೇ ಮೇಲು. ಸಕ್ಕರೆಯ ಕಾಯಿಲೆಯವರಂತೂ ಉಪವಾಸ ಹೋಗಲೇಬಾರದು. ಅಲ್ಲಿ ನಿಮ್ಮ ಜಾತಕವನ್ನೆಲ್ಲ ಕೇಳುತ್ತಾರೆ: ರಕ್ತದೊತ್ತಡವಿದೆಯೆ, ಹೃದಯದ ಕವಾಟಕ್ಕೆ ಶಸ್ತ್ರಚಿಕಿತ್ಸೆಯಾಗಿದೆಯೆ, ಯಾವುದಾದರೂ ಮದ್ದು ಮೈಗೆ ಒಗ್ಗುವುದಿಲ್ಲವೆ, ಮೂಳೆ ಟೊಳ್ಳಾಗುವುದಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದೀರಾ ಎಂದು. ಹಲ್ಲಿಗೂ ಇದಕ್ಕೂ ಏನು ಸಂಬಂಧವೆಂದು ಸಿಡುಕದೆ ಉತ್ತರ ಕೊಡಬೇಕು, ಸಂಬಂಧವಿದೆ. ಮೂಳೆಯ ಆ ಔಷಧಗಳಲ್ಲಿ ಕೆಲವು ದವಡೆಯ ಗಾಯ ಮಾಯುವುದನ್ನು ತಡೆಯುವುದುಂಟು. ರಕ್ತ ತೆಳುವಾಗಿಸುವ ಗುಳಿಗೆಗಳನ್ನು ಹಿಂದೆ ಕೆಲವು ದಿನ ನಿಲ್ಲಿಸಿ ಬನ್ನಿ ಎನ್ನುತ್ತಿದ್ದರು. ಈಗ ಸಾಮಾನ್ಯವಾಗಿ ನಿಲ್ಲಿಸಗೊಡುವುದಿಲ್ಲ, ಹಲ್ಲಿನ ಗುಳಿಯ ರಕ್ತವನ್ನು ಅಲ್ಲಿಯೇ ತಡೆಯಬಹುದು, ಹೃದಯದಲ್ಲಿ ಗಟ್ಟಿಯಾದ ರಕ್ತವನ್ನು ಏನು ಮಾಡುವುದು? ಹೇಗೂ ಈ ತೀರ್ಮಾನ ವೈದ್ಯರದು. ನಾವಾಗಿ ನಿಲ್ಲಿಸಿ ಹೋಗುವ ಜಾಣತನ ಬೇಡ.

ಸೂಜಿ ಚುಚ್ಚಿದಾಗ ನೋಯುತ್ತದೆ, ಸುಳ್ಳು ಹೇಳುವುದೇಕೆ? ಇರುವೆ ಕಚ್ಚಿದ್ದಕ್ಕಿಂತ ಹೆಚ್ಚು, ಚೇಳು ಕುಟುಕಿದ್ದಕ್ಕಿಂತ ಬಹಳ ಕಡಮೆ. ಮೇಲ್ದವಡೆಯ ಮೂಳೆ ರಂಧ್ರಮಯವಾದ್ದರಿಂದ ಹಲ್ಲಿನ ಪಕ್ಕದಲ್ಲಿ ಚುಚ್ಚಿದರೂ ಮದ್ದು ಒಳಗಿಳಿಯುತ್ತದೆ. ಕೆಳದವಡೆ ಗಟ್ಟಿ, ಅಲ್ಲಿ ಬಾಯಿಯ ಹಿಂಭಾಗದಲ್ಲಿ ನರವು ಮೂಳೆಯನ್ನು ಹೊಗುವ ಕಡೆಯಲ್ಲಿಯೇ ಚುಚ್ಚಬೇಕು. ಆಗ ಅರ್ಧ ತುಟಿ, ಅರ್ಧ ನಾಲಗೆ, ಅರ್ಧ ಗದ್ದ ಬೇರೆಯವರದೆಂಬಂತೆ ದಪ್ಪವಾಗಿ ತೋರುತ್ತದೆ. ಕನ್ನಡಿಯಲ್ಲಿ ನೋಡಿದರೆ ಏನೂ ಆಗಿರುವುದಿಲ್ಲ. ಮದ್ದಿನೊಡನೆ ಅಡ್ರಿನಲಿನ್ ಬೆರೆತಿರುವುದರಿಂದ ಒಂದೆರಡು ನಿಮಿಷ ಎದೆ ಡವಡವಗುಟ್ಟಬಹುದು. ಅದನ್ನು ಹೃದಯಾಘಾತವೆಂದು ತಿಳಿದು ಕುರ್ಚಿಯಿಂದ ಎದ್ದವರ ಕಥೆಯನ್ನು ಕೇಳಿದ್ದೇನೆ. ಐದರಿಂದ ಹತ್ತು ನಿಮಿಷ ಕಾಯುವುದು ಈ ಕಾರ್ಯದಲ್ಲಿ ಬಹು ಮುಖ್ಯವಾದ ಭಾಗ. ಕೀವಿರುವ ಜಾಗದಲ್ಲಿ ಮದ್ದು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಆದ್ದರಿಂದಲೇ ಕೆಲವೊಮ್ಮೆ ಕೀವನ್ನು ಹೊರಬಿಟ್ಟು, ಸೋಂಕನ್ನು ತಗ್ಗಿಸಿ, ಆಮೇಲೆ ಬನ್ನಿ ಎನ್ನುತ್ತಾರೆ.

ನನ್ನ ಎರಡನೆಯ ಹಲ್ಲನ್ನು ತೆಗೆದವರು ಪಿ.ಯು.ಸಿ. ತರಗತಿಯಲ್ಲಿ ನನ್ನಿಂದ ಕನ್ನಡ ಪಾಠ ಕೇಳಿದ್ದ ಹೆಣ್ಣುಮಗಳು. ಛಂದಸ್ಸಿನ ಗಂಟೆಯಲ್ಲಿ ಆಕೆಗೆ ನಾನು ಕೊಟ್ಟ ಕಾಟಕ್ಕೆ ಈಗ ತಕ್ಕ ಕಾಲ ಬಂದಿದೆಯೆಂದು ನಾನು ಹೇಳಿದಾಗ ನಕ್ಕು, “ಸಾರ್, ಒತ್ತೋದು ಗೊತ್ತಾಗುತ್ತೆ, ನೋಯೋದು ಗೊತ್ತಾಗೋಲ್ಲ. ನೋವು ಅನ್ನಿಸಿದರೆ ಎಡಗೈ ಎತ್ತಿ, ನಿಲ್ಲಿಸ್ತೀನಿ” ಎಂದಳು. ಇಡೀ ಪ್ರಸಂಗವನ್ನು ಇದಕ್ಕಿಂತ ಅಡಕವಾಗಿ ಹೇಳಿದವರನ್ನು ನಾನು ಕಾಣೆ. ಒತ್ತಡವನ್ನು ಒಯ್ಯುವ ನರತಂತುಗಳು ದಪ್ಪ, ನೋವನ್ನು ಒಯ್ಯುವವು ಸಣ್ಣ. ಮದ್ದು ಸಣ್ಣವನ್ನು ಬೇಗ ಮಲಗಿಸುತ್ತದೆ, ದಪ್ಪದವು ಅರೆನಿದ್ರೆಯಲ್ಲಿರುತ್ತವೆ. ಹಾಗಾಗಿ ತಳ್ಳುವುದು, ಅಲುಗಿಸುವುದು, ದವಡೆಯೇ ಜಗ್ಗಿದಂತಾಗುವುದು ಎಲ್ಲವೂ ತಿಳಿಯುತ್ತದೆ. ಒತ್ತಡವನ್ನೇ ನೋವೆಂದು ಭ್ರಮಿಸಿ ಬಿಗಿದುಕೊಳ್ಳುವವರೇ ಹೆಚ್ಚು. ನಿಜವಾಗಿ ನೊಂದರೆ ಕೈಯೆತ್ತುವುದಕ್ಕೆ ನಾಚಬೇಕಿಲ್ಲ, ಇನ್ನಷ್ಟು ಮದ್ದು ಹಾಕುತ್ತಾರೆ.

ಕೀಳು ಎಂಬ ಕ್ರಿಯಾಪದದಿಂದಲೂ ಭಯ ಹೆಚ್ಚಿದೆಯೆಂದು ನನ್ನ ಅನುಮಾನ. ಕಳೆ ಕೀಳು, ಬೇರುಸಹಿತ ಕೀಳು, ಹಿಡಿದು ಕಿತ್ತ. ಈ ಮಾತುಗಳಲ್ಲೆಲ್ಲ ಒಂದು ಸೆಳೆತದ ಬಲವಿದೆ. ಹಲ್ಲಿನ ವಿಷಯದಲ್ಲಿ ನಡೆಯುವುದು ಅದಲ್ಲ. ಹಲ್ಲು ಮೂಳೆಗೆ ಅಂಟಿಕೊಂಡಿಲ್ಲ; ನೂರಾರು ನವಿರಾದ ಎಳೆಗಳಿಂದ ಗೂಡಿನೊಳಗೆ ತೂಗುಹಾಕಿದಂತಿದೆ. ವೈದ್ಯರು ಮೊದಲು ಮೊನಚಾದ ಮೀಟುಗೋಲಿನಿಂದ ಆ ಎಳೆಗಳನ್ನು ಬಿಡಿಸುತ್ತಾರೆ. ಆಮೇಲೆ ಇಕ್ಕಳದಿಂದ ಹಿಡಿದು ಹೊರಕ್ಕೂ ಒಳಕ್ಕೂ ಮೆಲ್ಲಮೆಲ್ಲನೆ ಅಲುಗಿಸಿ ಗೂಡಿನ ಗೋಡೆಯನ್ನು ಅಗಲಿಸುತ್ತಾರೆ. ಬೇಲಿಯ ಗೂಟವನ್ನು ತೆಗೆಯುವ ರೈತ ಅದನ್ನು ನೆಟ್ಟಗೆ ಮೇಲಕ್ಕೆಳೆಯುತ್ತಾನೆಯೆ? ಸುತ್ತ ಅಲ್ಲಾಡಿಸಿ ಸಡಿಲಿಸಿದರೆ ಅದು ತಾನಾಗಿ ಕೈಗೆ ಬರುತ್ತದೆ. ಕೆಳಗಿನ ದವಡೆಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೇಲಿನದಕ್ಕೆ ಮೂರು. ಅವು ಡೊಂಕಾಗಿದ್ದರೆ ಹಲ್ಲನ್ನು ಕೊರೆದು ತುಂಡುಮಾಡಿ ಒಂದೊಂದಾಗಿ ತೆಗೆದು ಹೊಲಿಗೆ ಹಾಕುತ್ತಾರೆ. ಇನ್ನು ಶಬ್ದ. ಲಟಕ್ಕೆಂಬ ಸದ್ದು ಮೂಳೆಯ ಮೂಲಕ ನೇರವಾಗಿ ಕಿವಿಗೆ ಹೋಗುವುದರಿಂದ ಮರ ಮುರಿದಂತೆ ಕೇಳಿಸುತ್ತದೆ. ಪಕ್ಕದಲ್ಲಿ ನಿಂತವರಿಗೆ ಅದು ಕಡ್ಡಿ ಮುರಿದಷ್ಟೂ ಇರುವುದಿಲ್ಲ. ನನಗಂತೂ ಆ ಮಧ್ಯಾಹ್ನ ಇದ್ದದ್ದರಲ್ಲಿ ಅಪ್ರಿಯವಾದದ್ದು ಆ ಸದ್ದೊಂದೇ.

ಹಲ್ಲು ತಟ್ಟೆಗೆ ಬಿದ್ದ ಮೇಲೆ ಹೆಚ್ಚಿನವರು ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ವೈದ್ಯರ ಕೆಲಸ ಮುಗಿಯಿತು. ನಮ್ಮದು ಆಗ ಶುರುವಾಗುತ್ತದೆ.

ಖಾಲಿಯಾದ ಗುಳಿಯಲ್ಲಿ ರಕ್ತ ತುಂಬಿಕೊಂಡು ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಮುಂದಿನದಕ್ಕೆಲ್ಲ ಆಧಾರ. ಕೆಳಗಿನ ಬೆತ್ತಲೆ ಮೂಳೆಗೂ ನರಕ್ಕೂ ಅದೇ ಹೊದಿಕೆ, ಹೊಸ ಮಾಂಸ ಹಬ್ಬುವುದಕ್ಕೆ ಅದೇ ಚಪ್ಪರ. ನಮ್ಮ ತಾಯಂದಿರು ರಾತ್ರಿ ಹಾಲಿಗೆ ಹೆಪ್ಪು ಹಾಕಿ ಪಾತ್ರೆಯನ್ನು ಮೂಲೆಯಲ್ಲಿ ಇಟ್ಟರೆ, ಬೆಳಗಿನವರೆಗೂ ಯಾರೂ ಅದನ್ನು ಅಲುಗಿಸುವಂತಿರಲಿಲ್ಲ. ಅಲುಗಿಸಿದರೆ ಮೊಸರು ಒಡೆಯುತ್ತಿತ್ತು. ವೈದ್ಯರು ಚೀಟಿಯಲ್ಲಿ ಬರೆದುಕೊಡುವ ಹತ್ತಾರು ವಿಧಿನಿಷೇಧಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಆ ಪಾತ್ರೆಯನ್ನು ನೆನೆದುಕೊಂಡರೆ ಎಲ್ಲವೂ ತಾವಾಗಿ ಹೊಳೆಯುತ್ತವೆ.

ಕಚ್ಚಿಕೊಳ್ಳಲು ಕೊಟ್ಟ ಗಾಜ್ ಬಟ್ಟೆಯನ್ನು ಅರ್ಧ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿರಬೇಕು. ರಕ್ತ ನಿಂತಿತೆ ಎಂದು ಐದೈದು ನಿಮಿಷಕ್ಕೆ ತೆಗೆದು ನೋಡುವುದು, ಮೊಸರಾಯಿತೆ ಎಂದು ಬೆರಳಿಟ್ಟು ನೋಡಿದಂತೆ. ಉಗುಳಬಾರದು, ಉಗುಳುವ ಸೆಳೆತಕ್ಕೆ ಹೆಪ್ಪು ಕಿತ್ತುಬರುತ್ತದೆ. ಎಂಜಲನ್ನು ನುಂಗಬೇಕು, ಅಸಹ್ಯವೆನಿಸಿದರೂ. ಇದು ನಮ್ಮ ಜನಕ್ಕೆ ಬಹಳ ಕಷ್ಟದ ನಿಯಮ. ಬಾಯಲ್ಲಿ ರಕ್ತವೆಂದರೆ ಹೋಗಿ ಬಾಯಿ ಮುಕ್ಕಳಿಸಿ ಉಗುಳಿ ಬರುವುದು ಆಚಾರವೆಂದು ನಾವು ಬೆಳೆದಿದ್ದೇವೆ. ಮನೆಯ ಹಿರಿಯರು ಕೂಡಲೇ ಉಪ್ಪುನೀರು ಕಾಯಿಸಿ ತಂದು ಮುಕ್ಕಳಿಸೆಂದು ಪ್ರೀತಿಯಿಂದ ಒತ್ತಾಯಿಸುತ್ತಾರೆ. ಆ ದಿನ ಅದು ಬೇಡವೇ ಬೇಡ. ಮರುದಿನದಿಂದ ಅದೇ ಒಳ್ಳೆಯ ಮದ್ದು. ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು, ಊಟವಾದ ಮೇಲೆ, ಗಳಗಳನೆ ಸದ್ದು ಮಾಡದೆ ಬಾಯಲ್ಲಿಟ್ಟು ತಲೆ ವಾಲಿಸಿ ಬಿಡುವುದು. ಮೊದಲ ದಿನ ಎಳನೀರನ್ನು ಕೊಳವೆಯಲ್ಲಿ ಹೀರುವುದೂ ನಿಷಿದ್ಧ, ಲೋಟಕ್ಕೆ ಸುರಿದು ಕುಡಿಯಬಹುದು. ಬೀಡಿ ಸಿಗರೇಟುಗಳ ಮಾತಂತೂ ಕೆಲವು ದಿನ ಎತ್ತಲೇಬಾರದು. ಎಲೆ, ಅಡಿಕೆ, ಕಡ್ಡಿಪುಡಿಯೂ ಹಾಗೆಯೇ.

ಎಂಜಲಿನೊಂದಿಗೆ ಬೆರೆತ ಒಂದು ತೊಟ್ಟು ರಕ್ತ ಬಟ್ಟಲು ರಕ್ತದಂತೆ ಕಾಣುತ್ತದೆ. ದಿಂಬಿನ ಮೇಲೆ ಕೆಂಪು ಕಲೆ ಕಂಡರೆ ಮನೆಯವರು ಗಾಬರಿಯಾಗಬೇಕಿಲ್ಲ. ತಲೆಯ ಕೆಳಗೆ ಇನ್ನೊಂದು ದಿಂಬು, ಅದರ ಮೇಲೊಂದು ಹಳೆಯ ಟವೆಲು ಸಾಕು. ಬಾಯಿ ತುಂಬ ರಕ್ತ ಬರುತ್ತಲೇ ಇದ್ದರೆ ನೆಟ್ಟಗೆ ಕುಳಿತು, ಶುಚಿಯಾದ ಬಟ್ಟೆಯನ್ನು ಮಡಿಸಿ ಒದ್ದೆಮಾಡಿ ಗುಳಿಯ ಮೇಲಿಟ್ಟು ಅರ್ಧ ಗಂಟೆ ಬಿಡದೆ ಕಚ್ಚಬೇಕು. ಆಗಲೂ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಬೇಕು, ಬೆಳಗಾಗಲೆಂದು ಕಾಯಬಾರದು.

ತುಟಿ ನಾಲಗೆಗಳ ಜೋಮು ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಆವರೆಗೆ ಬಿಸಿ ಕಾಫಿ ಬೇಡ, ಸುಟ್ಟದ್ದು ತಿಳಿಯುವುದಿಲ್ಲ. ಚಿಕ್ಕ ಮಕ್ಕಳು ದಪ್ಪವಾಗಿ ತೋರುವ ತುಟಿಯನ್ನು ಆಟಕ್ಕೆ ಜಗಿದು ಗಾಯ ಮಾಡಿಕೊಳ್ಳುವುದುಂಟು, ಪಕ್ಕದಲ್ಲಿ ಕುಳಿತು ಕಾಯಬೇಕು. ಜೋಮು ಬಿಟ್ಟ ಮೇಲೆ ನೋವು ಬರುವುದು ಸಹಜವಾದ್ದರಿಂದ ಬರೆದುಕೊಟ್ಟ ಗುಳಿಗೆಯನ್ನು ಅದಕ್ಕೆ ಮೊದಲೇ ನುಂಗಿರುವುದು ಜಾಣತನ. ಆಸ್ಪಿರಿನ್ ಗುಳಿಗೆಯನ್ನು ವಸಡಿನ ಮೇಲೆ ಒತ್ತಿಟ್ಟುಕೊಳ್ಳುವ ಒಂದು ಪದ್ಧತಿ ಇದೆ. ಅದು ವಸಡನ್ನು ಸುಡುತ್ತದೆಯೇ ಹೊರತು ನೋವನ್ನಲ್ಲ. ಕೆನ್ನೆಯ ಮೇಲೆ ಮೊದಲ ದಿನ ಶಾಖವಲ್ಲ, ತಣ್ಣನೆಯದನ್ನು ಇಡಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟು, ತೆಗೆದು, ಮತ್ತೆ ಇಡುವುದು. ಊಟಕ್ಕೆ ನಮ್ಮ ನಾಡಿನಷ್ಟು ಅನುಕೂಲ ಇನ್ನೆಲ್ಲಿದೆ? ಮೊಸರನ್ನವಿದೆ, ಆರಿದ ರಾಗಿ ಅಂಬಲಿಯಿದೆ, ಮೆತ್ತನೆಯ ಇಡ್ಲಿಯನ್ನು ಹಾಲಿನಲ್ಲಿ ನೆನೆಸಬಹುದು. ರಾಗಿಮುದ್ದೆಯನ್ನು ಜಗಿಯದೆ ನುಂಗುವುದನ್ನು ನಮ್ಮ ಹಳೆಯ ಮೈಸೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮುದ್ದೆ ಆರಿರಬೇಕು, ಸಾರು ಖಾರವಿರಬಾರದು. ಹಾಗೆಂದರೆ ಅದನ್ನು ಊಟವೆನ್ನಬಹುದೆ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಬಾವು ಎರಡನೆಯ, ಮೂರನೆಯ ದಿನ ಹೆಚ್ಚಿ ಆಮೇಲೆ ಇಳಿಯುತ್ತದೆ. ಇದನ್ನು ಮುಂಚೆಯೇ ತಿಳಿದಿರದಿದ್ದರೆ ಏನೋ ಕೆಟ್ಟಿತೆಂದು ಹೆದರುತ್ತೇವೆ. ಬಾಯಿ ಪೂರ್ತಿ ತೆರೆಯಲು ಬಾರದಿರುವುದೂ ಒಂದು ವಾರದೊಳಗೆ ಸರಿಹೋಗುತ್ತದೆ. ನೋವು ಮಾತ್ರ ದಿನದಿಂದ ದಿನಕ್ಕೆ ತಗ್ಗುತ್ತ ಹೋಗಬೇಕು. ಎರಡು ದಿನ ತಗ್ಗಿದ್ದು ಮೂರನೆಯ, ನಾಲ್ಕನೆಯ ದಿನ ತಿರುಗಿ ಏರಿ, ಕಿವಿಯವರೆಗೂ ಕಣೆ ಹೊಡೆದಂತಾಗಿ, ಬಾಯಲ್ಲಿ ಕೆಟ್ಟ ವಾಸನೆ ಹುಟ್ಟಿದರೆ ಹೆಪ್ಪು ಜಾರಿ ಮೂಳೆ ಬೆತ್ತಲೆಯಾಗಿದೆಯೆಂದು ಅರ್ಥ. ದಂತವೈದ್ಯರು ಇದನ್ನು ಡ್ರೈ ಸಾಕೆಟ್ ಎನ್ನುತ್ತಾರೆ, ಒಣಗುಳಿ ಎನ್ನೋಣ. ಸಾಮಾನ್ಯವಾಗಿ ಕಿತ್ತ ನೂರು ಹಲ್ಲುಗಳಲ್ಲಿ ಎರಡರಿಂದ ಐದಕ್ಕೆ ಇದು ಬರುತ್ತದೆ. ಕೆಳಗಿನ ಬುದ್ಧಿಹಲ್ಲಿನಲ್ಲಿ ಇನ್ನೂ ಹೆಚ್ಚು, ಹೊಗೆ ಸೇದುವವರಲ್ಲಿ ಮತ್ತೂ ಹೆಚ್ಚು. ಇದರ ನೋವು ಹಲ್ಲು ಕೀಳುವಾಗಿನ ಕಷ್ಟವನ್ನು ನಾಚಿಸುವಂಥದು. ನುಂಗಿದ ಗುಳಿಗೆಗಳು ಅದರ ಮುಂದೆ ನಿಲ್ಲುವುದಿಲ್ಲ. ವೈದ್ಯರಲ್ಲಿಗೆ ಹೋದರೆ ಗುಳಿಯನ್ನು ತೊಳೆದು, ಲವಂಗದೆಣ್ಣೆಯ ಸತ್ವವಿರುವ ಮದ್ದಿನ ಬತ್ತಿಯನ್ನಿಡುತ್ತಾರೆ. ಗಂಟೆಯೊಳಗೆ ಮನುಷ್ಯ ಮನುಷ್ಯನಾಗುತ್ತಾನೆ. ಹೋಗದೆ ಕುಳಿತು ನರಳುವವರೂ ಇದ್ದಾರೆ, ಕಿತ್ತದ್ದೇ ತಪ್ಪಾಯಿತೆಂದು ನಾಲ್ಕು ಜನಕ್ಕೆ ಹೇಳುವವರೂ ಇದ್ದಾರೆ. ಮುಂದಿನವರ ಭಯ ಹುಟ್ಟುವುದು ಇಂಥ ಮಾತುಗಳಿಂದಲೇ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಕಿತ್ತ ಮೇಲಾಗಲಿ, ಕೀಳುವ ಮೊದಲಾಗಲಿ, ಜ್ವರ ಏರಿ, ಗದ್ದದ ಕೆಳಗೆ ಊತ ಹಬ್ಬಿ, ನುಂಗುವುದಕ್ಕೆ ಅಥವಾ ಉಸಿರಾಡುವುದಕ್ಕೆ ತೊಡಕಾದರೆ ಅದು ದಂತವೈದ್ಯರ ಸಂಜೆಯ ವೇಳಾಪಟ್ಟಿಗೆ ಕಾಯುವ ವಿಷಯವಲ್ಲ. ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನನ್ನ ಮಿತ್ರರನ್ನು ಉಳಿಸಿದ್ದು ಅವರ ಮನೆಯಾಕೆ ಆ ರಾತ್ರಿ ತೋರಿದ ಅವಸರ.

ಹೊಲಿಗೆ ಹಾಕಿದ್ದರೆ ಅದು ತಾನಾಗಿ ಕರಗುತ್ತದೆ, ಇಲ್ಲವೆ ಒಂದು ವಾರಕ್ಕೆ ತೆಗೆಯುತ್ತಾರೆ. ವಸಡು ಒಂದೆರಡು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ. ಒಳಗೆ ಮೂಳೆ ತುಂಬಿಕೊಳ್ಳಲು ಮೂರರಿಂದ ಆರು ತಿಂಗಳು ಬೇಕು. ನಡುವೆ ಎಂದೋ ಒಂದು ದಿನ ಅಕ್ಕಿಯ ನುಚ್ಚಿನಂಥ ಮೂಳೆಯ ಚೂರು ವಸಡಿನಿಂದ ತಲೆಹಾಕಬಹುದು. ಬೇರನ್ನು ಒಳಗೇ ಬಿಟ್ಟರೆಂದು ಜಗಳಕ್ಕೆ ಹೋಗುವ ಮುನ್ನ ತೋರಿಸಿದರೆ ಚಿಮುಟದಿಂದ ತೆಗೆದುಬಿಡುತ್ತಾರೆ.

ಆಮೇಲೆ ಉಳಿಯುವುದು ತೆರಪು. ನಾಲಗೆ ದಿನಕ್ಕೆ ನೂರು ಸಲ ಅಲ್ಲಿಗೆ ಹೋಗಿ ಬರುತ್ತದೆ. ತಿಂಗಳು ಕಳೆದ ಮೇಲೆ ಮರೆಯುತ್ತದೆ. ಹಲ್ಲುಗಳು ಮರೆಯುವುದಿಲ್ಲ. ಅಕ್ಕಪಕ್ಕದವು ತೆರಪಿನ ಕಡೆಗೆ ವಾಲುತ್ತವೆ, ಎದುರಿನ ದವಡೆಯದು ತಡೆಯಿಲ್ಲದೆ ಇಳಿಯುತ್ತದೆ. ಬುದ್ಧಿಹಲ್ಲಾದರೆ ಚಿಂತೆಯಿಲ್ಲ, ಉಳಿದವುಗಳ ಜಾಗವನ್ನು ತುಂಬಿಸುವುದು ಒಳ್ಳೆಯದು. ತೆಗೆದು ಹಾಕುವ ಪಂಕ್ತಿಯಾಗಬಹುದು, ಅಕ್ಕಪಕ್ಕದ ಹಲ್ಲಿಗೆ ಕಟ್ಟಿದ ಸೇತುವೆಯಾಗಬಹುದು, ಮೂಳೆಯಲ್ಲಿ ಟೈಟಾನಿಯಂ ತಿರುಪನ್ನು ನೆಟ್ಟು ಮಾಡುವ ಹಲ್ಲಾಗಬಹುದು. ಈ ಕೊನೆಯದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ಸಲ ಒಬ್ಬ ರೋಗಿಗೆ ಮಾಡಿದ. ಸಂಸ್ಕೃತದವರು ಎಣಿಸದ ಮೂರನೆಯ ಜನ್ಮ ಇದೇ ಇರಬೇಕು.

ಮುಂದಿನ ಹಲ್ಲುಗಳು ಹೋದರೆ ಮಾತೇ ಬದಲಾಗುತ್ತದೆ. ತ, ಥ, ದ, ಧ, ನ ಎಂಬಿವನ್ನು ದಂತ್ಯಗಳೆಂದು ವ್ಯಾಕರಣದಲ್ಲಿ ಕಲಿಸುವಾಗ ಹುಡುಗರು ಹೆಸರನ್ನು ಉರುಹೊಡೆಯುತ್ತಾರೆ; ಅದರ ನಿಜ ತಿಳಿಯುವುದು ಹಲ್ಲು ಹೋದಾಗ. ಹೊಸ ಪಂಕ್ತಿ ಹಾಕಿಸಿಕೊಂಡ ಮೊದಲ ವಾರಗಳಲ್ಲಿಯೂ ಸಕಾರ ಸಿಳ್ಳೆಯಾಗುತ್ತದೆ, ಶಕಾರ ಸಕಾರವಾಗುತ್ತದೆ. ದಿನವೂ ಸ್ವಲ್ಪ ಹೊತ್ತು ಗಟ್ಟಿಯಾಗಿ ಓದಿ ಎಂದು ದಂತವೈದ್ಯರು ಹೇಳುತ್ತಾರೆ. ಏನನ್ನು ಓದಬೇಕೆಂದು ಹೇಳುವುದಿಲ್ಲ. ಶ, ಷ, ಸ ಮೂರೂ ಒತ್ತೊತ್ತಾಗಿ ಬರುವ ಗದ್ಯವಾದರೆ ಪ್ರಯೋಜನ ಹೆಚ್ಚು. ನನ್ನ ಅನುಭವದಲ್ಲಿ ಅದಕ್ಕೆ ವಿಶ್ವವಿದ್ಯಾಲಯಗಳ ಸುತ್ತೋಲೆಗಳನ್ನು ಮೀರಿಸಿದ್ದಿಲ್ಲ.